ಹವಳಕ್ಕುಂಟು, ಹೊಲಕ್ಕಿಲ್ಲ

ನಿಮ್ಮ ಹೊಲದ ಅಡಿಯಲ್ಲಿ ನೈಸರ್ಗಿಕ ಅನಿಲದ ಕೊಳವೆ ಹಾಯಲಿದೆ ಎಂದಿಟ್ಟುಕೊಳ್ಳಿ. ಇದರಿಂದ ಪರಿಸರಕ್ಕೆ ಏನಾದೀತು ಎಂದು ಸರ್ಕಾರ ವಿಚಾರಿಸಬೇಕು, ಊರವರನ್ನು ಕೂರಿಸಿಕೊಂಡು ಕೇಳಬೇಕು ಎಂಬ ಆಸೆ ನಿಮಗಿದ್ದರೆ ದಾರಿ ಒಂದೇ: ಹೊಲದಲ್ಲೊಂದು ಹವಳದ ದಿಬ್ಬ ಬೆಳೆಸಿ. ಇದು ನನ್ನ ತಲೆಯಿಂದ ಹುಟ್ಟಿದ ಸಲಹೆಯಲ್ಲ. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯ ಪಟ್ಟಿಯಲ್ಲಿ 6(ಎ) ಎಂಬ ಕ್ರಮಸಂಖ್ಯೆ ಇದೆ. ತೈಲ ಮತ್ತು ಅನಿಲದ ಕೊಳವೆಗಳು ಯಾವಾಗ ಕೇಂದ್ರದ ಪರಿಸರ ಅನುಮತಿ ಪಡೆಯಬೇಕು ಎಂದು ಅದು ಹೇಳುತ್ತದೆ. ರಾಷ್ಟ್ರೀಯ ಉದ್ಯಾನದಲ್ಲಿ ಹಾದರೆ ಪಡೆಯಬೇಕು. ಅಭಯಾರಣ್ಯದಲ್ಲಿ ಹಾದರೆ ಪಡೆಯಬೇಕು. ಪರಿಸರ ಸೂಕ್ಷ್ಮ ಪ್ರದೇಶದಲ್ಲಿ, ಹವಳದ ದಿಬ್ಬಗಳಲ್ಲಿ ಹಾದರೆ ಪಡೆಯಬೇಕು. ಹೊಲದಲ್ಲಿ ಹಾದರೆ? ಹೊಲ ಪಟ್ಟಿಯಲ್ಲಿಲ್ಲ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ಬಯಲುಸೀಮೆಯಲ್ಲಿ ಒಂದು ಸುತ್ತು ಹಾಕಿಬನ್ನಿ. ಮಹಾರಾಷ್ಟ್ರದ ಕಡಲ ದಂಡೆಯ ದಾಭೋಲ್‌ನಿಂದ ಹೊರಟು ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗ, ತುಮಕೂರು ಸೀಮೆ ದಾಟಿ ಬಿಡದಿ ಮುಟ್ಟುವ ಸುಮಾರು 1,000 ಕಿಲೋಮೀಟರಿನ ಕೊಳವೆ 2013ರಿಂದ ಅನಿಲ ಹೊತ್ತು ತರುತ್ತಿದೆ. ಅದರ ಆಜುಬಾಜಿನಲ್ಲಿ ಶೇಂಗಾ ಇದೆ, ಮೆಕ್ಕೆಜೋಳ ಇದೆ, ಈರುಳ್ಳಿ ಇದೆ, ತೆಂಗಿದೆ, ಕೊಳವೆಬಾವಿ ಇದೆ, ಬಾವಿಯ ಸಾಲ ಇದೆ, ಸಾಲ ತೀರಿಸಬೇಕಾದ ಮನುಷ್ಯರೂ ಇದ್ದಾರೆ. ಹವಳ ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹೀಗಾಗಿ ಈ ದೇಶದಲ್ಲಿ ನಾಳೆ ಯಾವುದೇ ಕೊಳವೆಯ ದಾರಿಗೆ ಆನೆಯೋ ಹುಲಿಯೋ ಅಡ್ಡ ಸಿಗದೆ ಬರೀ ರೈತರೇ ಸಿಕ್ಕರೆ, ದಿಲ್ಲಿಯ ಪರಿಸರ ಮಂತ್ರಾಲಯದ ಪಾಲಿಗೆ ಅಲ್ಲಿ ಪರಿಸರವೇ ಇಲ್ಲ. ಇಲ್ಲದ ಪರಿಸರದ ಬಗ್ಗೆ ಯಾರ ಅಭಿಪ್ರಾಯ ಕೇಳುವುದು?

ಹಾಗೆಂದು ಸರ್ಕಾರ ಏನನ್ನೂ ಕೇಳುವುದೇ ಇಲ್ಲ ಎಂದರೆ ನಾಲಗೆ ಸೇದಿಹೋದೀತು. ಕೇಳುತ್ತದೆ. ಅದಕ್ಕೆ ಬೇರೆ ಕಾಯಿದೆ ಇದೆ, 1962ರದು. ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗಗಳ ಕಾಯಿದೆ. ಇದು ನಿಮ್ಮ ಜಮೀನನ್ನು ಕಿತ್ತುಕೊಳ್ಳುವುದಿಲ್ಲ, ಅಂಥ ಒರಟುತನ ಇದರಲ್ಲಿಲ್ಲ. ಜಮೀನು ನಿಮ್ಮದೇ, ಪಹಣಿ ನಿಮ್ಮದೇ, ಕಂದಾಯ ಕಟ್ಟುವವರೂ ನೀವೇ. ಅದರ ಕೆಳಗಿನ ಬಳಕೆಯ ಹಕ್ಕು ಮಾತ್ರ ಕಂಪನಿಯದು. ಮೊದಲು ಭಾರತ ಸರ್ಕಾರದ ಗೆಜೆಟ್‌ನಲ್ಲಿ ಒಂದು ಅಧಿಸೂಚನೆ ಬರುತ್ತದೆ: ಇಂಥ ಗ್ರಾಮ, ಇಂಥ ಸರ್ವೆ ನಂಬರು, ಇಷ್ಟು ಹೆಕ್ಟೇರು, ಇಷ್ಟು ಆರ್, ಇಷ್ಟು ಚದರ ಮೀಟರು. ಎಕರೆ ಗುಂಟೆಯಲ್ಲಿ ಬದುಕುವವನಿಗೆ ಹೆಕ್ಟೇರಿನಲ್ಲಿ ಸುದ್ದಿ. ಅದು ಸಾರ್ವಜನಿಕರಿಗೆ ಲಭ್ಯವಾದ ದಿನದಿಂದ 21 ದಿನದೊಳಗೆ ನೀವು ಸಕ್ಷಮ ಪ್ರಾಧಿಕಾರಿಗೆ ಲಿಖಿತ ತಕರಾರು ಸಲ್ಲಿಸಬಹುದು. ಗೆಜೆಟ್ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನಮ್ಮ ಹಳ್ಳಿಗಳಲ್ಲಿ ಬೆಳಗ್ಗೆ ಎದ್ದು ಹಾಲು ಕರೆದು, ಡೇರಿಗೆ ಹಾಕಿ, ಬಂದು ಜಗಲಿಯ ಮೇಲೆ ಕೂತು ಭಾರತದ ಗೆಜೆಟ್ ತಿರುವಿಹಾಕುವ ರೂಢಿ ಇನ್ನೂ ಸರಿಯಾಗಿ ಬೇರೂರಿಲ್ಲ, ಅದು ಕಾಯಿದೆಯ ತಪ್ಪಲ್ಲ.

ಹೇಗೋ ಒಬ್ಬ ಗೌಡರಿಗೆ ಸುದ್ದಿ ಮುಟ್ಟಿತು ಎನ್ನೋಣ. ಗ್ರಾಮಲೆಕ್ಕಿಗರ ಬಾಯಿಂದಲೋ, ಕೆಂಪು ಬಣ್ಣ ಬಳಿದ ಗೂಟ ಹೊಲದಲ್ಲಿ ಹುಟ್ಟಿಕೊಂಡಿದ್ದನ್ನು ನೋಡಿಯೋ. ಗೌಡರು ಅರ್ಜಿ ಬರೆಸಿದರು, ಬಸ್ಸು ಹತ್ತಿದರು, ಪ್ರಾಧಿಕಾರಿಯ ಎದುರು ನಿಂತರು. ಕಾಯಿದೆಯ ಪ್ರಕಾರ ಅವರ ಅಹವಾಲನ್ನು ಖುದ್ದಾಗಿ ಕೇಳಲೇಬೇಕು, ವಕೀಲರನ್ನು ಕರೆತಂದರೂ ಕೇಳಬೇಕು.

"ಏನಪ್ಪಾ ನಿಮ್ಮ ತಕರಾರು?"

"ಸ್ವಾಮಿ, ಅಲ್ಲಿ ತೆಂಗಿನ ತೋಟ ಐತೆ."

"ತೆಂಗಿರೋದು ನಮ್ಮ ಸರ್ವೆಯಲ್ಲೂ ಬಂದಿದೆ. ಮರಕ್ಕೆ ಪರಿಹಾರ ಕೊಡ್ತೀವಿ. ತಕರಾರು ಏನು ಹೇಳಿ."

"ಪಕ್ಕದಾಗೆ ಗೋಮಾಳ ಐತಲ್ಲ ಸ್ವಾಮಿ, ಆ ಕಡೆಯಿಂದ ತಗಂಡೋದ್ರೆ ಆಗಾಕಿಲ್ವಾ?"

"ದಾರಿ ಫಿಕ್ಸ್ ಆಗಿದೆ ಗೌಡ್ರೇ. ಡಿಸೈನ್ ಮುಗಿದಿದೆ. ಪೈಪೂ ಬಂದು ಇಳಿದಿದೆ."

"ಮತ್ತೆ ನನ್ನ ಯಾಕೆ ಕರೆದ್ರಿ?"

"ನಿಮ್ಮನ್ನ ಕೇಳದೆ ಹಾಕೋಕಾಗುತ್ತಾ? ಕಾನೂನು ಇದೆಯಲ್ಲ!"

ಆಮೇಲೆ ಪ್ರಾಧಿಕಾರಿ ಆದೇಶ ಮಾಡುತ್ತಾರೆ. ಆ ಆದೇಶ ಅಂತಿಮ ಎಂದು ಕಾಯಿದೆಯೇ ಹೇಳುತ್ತದೆ. ಇನ್ನೊಂದು ಘೋಷಣೆ ಗೆಜೆಟ್‌ನಲ್ಲಿ ಬಂತೆಂದರೆ ಮುಗಿಯಿತು. ಕೊಳವೆ ಹಾಯುವ ಆ ನೆಲದ ಪಟ್ಟಿಯ ಮೇಲೆ ಗೌಡರು ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಕೆರೆಕಟ್ಟೆ ಮಾಡುವಂತಿಲ್ಲ, ಮರ ನೆಡುವಂತಿಲ್ಲ. ಕೊಳವೆ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಇರಬಾರದು ಎಂದು ಕಾಯಿದೆ ಕಂಪನಿಗೂ ಷರತ್ತು ಹಾಕಿದೆ, ಪಕ್ಷಪಾತ ಎನ್ನಬೇಡಿ. ಐವತ್ತು ವರ್ಷದ ತೆಂಗಿನ ಜಾಗದಲ್ಲಿ ಗೌಡರು ಇನ್ನು ಹುರುಳಿ ಹಾಕಬಹುದು. ಹುರುಳಿ ಆರೋಗ್ಯಕ್ಕೆ ಒಳ್ಳೆಯದು.

ಇದಕ್ಕೆಲ್ಲ ಸಿಗುವ ಪರಿಹಾರ, ಬೆಳೆ ಮರಗಳ ನಷ್ಟವನ್ನು ಬಿಟ್ಟು, ಆ ಜಾಗದ ಮಾರುಕಟ್ಟೆ ಬೆಲೆಯ ಹತ್ತು ಪರ್ಸೆಂಟ್. ಕರ್ನಾಟಕದವರಿಗೆ ಪರ್ಸೆಂಟಿನ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಈಚಿನ ವರ್ಷಗಳಲ್ಲಿ ನಮ್ಮಲ್ಲಿ ಒಂದೊಂದು ಪರ್ಸೆಂಟಿನ ಮೇಲೆ ಒಂದೊಂದು ಚುನಾವಣೆ ನಡೆದಿದೆ. ಬೇರೆ ಪರ್ಸೆಂಟುಗಳೆಲ್ಲ ಕಾಲಕ್ಕೆ ತಕ್ಕಂತೆ ಏರಿದವು. ರೈತನಿಗೆ ಬರಬೇಕಾದ ಈ ಒಂದು ಪರ್ಸೆಂಟು ಮಾತ್ರ ಕಾಯಿದೆಯ ಪುಟದಲ್ಲಿ ನೆಹರೂ ಕಾಲದಲ್ಲಿ ಎಲ್ಲಿ ಕೂತಿತ್ತೋ ಅಲ್ಲೇ ಕೂತಿದೆ. ಕೊಚ್ಚಿ–ಮಂಗಳೂರು ಕೊಳವೆಯ ವಿರುದ್ಧ ಕೇರಳದ ಜನ ಬೀದಿಗಿಳಿದು, ಲಾಠಿ ಏಟೂ ತಿಂದ ಮೇಲೆ ಅಲ್ಲಿನ ಸರ್ಕಾರ ಪರಿಹಾರ ಹೆಚ್ಚಿಸಿತು. ಅಂದರೆ ತಕರಾರು ಅರ್ಜಿಗಿಂತ ಬೇಗ ಓದಿಸಿಕೊಳ್ಳುವ ಲಿಪಿ ಬೇರೆ ಇದೆ ಎಂದಾಯಿತು. ಆ 450 ಕಿಲೋಮೀಟರಿನ ಕೊಳವೆ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಕಾರ್ಯಕ್ರಮ ಆನ್‌ಲೈನ್‌ನಲ್ಲಿ ನಡೆಯಿತು. ಮಣ್ಣಿನಡಿಯ ಕೊಳವೆಗೆ ಗಾಳಿಯಲ್ಲಿ ಉದ್ಘಾಟನೆ, ಅಡ್ಡಿಯಿಲ್ಲ.

2013ರ ಭೂಸ್ವಾಧೀನ ಕಾಯಿದೆ ಬಂದಾಗ ಹಳ್ಳಿಹಳ್ಳಿಗಳಲ್ಲಿ ಹಬ್ಬ. ಇನ್ನು ಸಾಮಾಜಿಕ ಪರಿಣಾಮದ ಅಧ್ಯಯನ ಆಗಲೇಬೇಕು, ಜನರ ಒಪ್ಪಿಗೆ ಬೇಕು ಎಂದೆಲ್ಲ ಭಾಷಣಗಳಾದವು. ಭಾಷಣ ಮಾಡಿದವರು ಕೊನೆಯ ಪುಟದವರೆಗೆ ಓದಿರಲಿಲ್ಲವೋ ಏನೋ. ಅಲ್ಲಿ ನಾಲ್ಕನೇ ಅನುಸೂಚಿ ಎಂಬುದೊಂದಿದೆ. ಈ ಹೊಸ ಕಾಯಿದೆಯ ಗೊಡವೆಯಿಲ್ಲದೆ ತಮ್ಮ ಪಾಡಿಗೆ ತಾವಿರಬಹುದಾದ ಹದಿಮೂರು ಕಾಯಿದೆಗಳ ಹೆಸರು ಅಲ್ಲಿವೆ. ಕೊಳವೆ ಕಾಯಿದೆ ಅದರಲ್ಲೊಂದು. ಪರಿಹಾರದ ಮಟ್ಟಿಗೆ ಮುಂದೆ ಒಂದಿಷ್ಟು ಹೊಂದಿಸಿದರು. ಕೇಳುವ ವಿಷಯವನ್ನು ಮಾತ್ರ ಯಾರೂ ಹೊಂದಿಸಲಿಲ್ಲ. ಅದೇ 2013ರ ಫೆಬ್ರವರಿಯಲ್ಲಿ ಪರಿಸರ ಮಂತ್ರಾಲಯ ಇನ್ನೊಂದು ಸುತ್ತೋಲೆ ಹೊರಡಿಸಿ, ಕಾಡಿನಲ್ಲಿ ಹಾಯುವ ರಸ್ತೆ, ಕಾಲುವೆ, ಕೊಳವೆ, ವಿದ್ಯುತ್ ತಂತಿಗಳಿಗೆ, ಅತಿ ಹಿಂದುಳಿದ ಬುಡಕಟ್ಟುಗಳ ಹಕ್ಕಿಗೆ ಧಕ್ಕೆಯಾಗುವ ಜಾಗ ಬಿಟ್ಟು ಉಳಿದೆಡೆ ಗ್ರಾಮಸಭೆಯ ಒಪ್ಪಿಗೆ ಬೇಡ ಎಂದಿತು. ಕಾರಣ, ಅವೆಲ್ಲ ಉದ್ದುದ್ದ ಇರುತ್ತವೆ. ಗಣಿ ಒಂದೇ ಊರಿನಲ್ಲಿ ಕೂತಿರುತ್ತದೆ, ಒಂದೇ ಗ್ರಾಮಸಭೆ ಸಾಕು. ಕೊಳವೆ ನೂರು ಊರು ದಾಟುತ್ತದೆ, ನೂರು ಗ್ರಾಮಸಭೆ ಯಾರು ನಡೆಸುತ್ತಾರೆ? ಕೇಳಬೇಕಾದ ಜನ ಹೆಚ್ಚಾದಷ್ಟೂ ಕೇಳುವ ಅಗತ್ಯ ಕಡಿಮೆ ಎಂಬ ಸೂತ್ರ ಹೀಗೆ ಸಿದ್ಧವಾಯಿತು. ಪ್ರಜಾಪ್ರಭುತ್ವಕ್ಕೆ ಗಣಿತಶಾಸ್ತ್ರದಿಂದ ಇಷ್ಟು ದೊಡ್ಡ ಕಾಣಿಕೆ ಈ ಹಿಂದೆ ಬಂದಿರಲಿಲ್ಲ.

ಈ ಉದ್ದದ ಪ್ರೀತಿ ಅಲ್ಲಿಗೇ ನಿಲ್ಲಲಿಲ್ಲ. 2020ರ ಮಾರ್ಚ್ 28. ದೇಶಕ್ಕೆ ಬೀಗ ಬಿದ್ದು ಮೂರು ದಿನವಾಗಿತ್ತಷ್ಟೆ. ಜನ ಕೊತ್ತಂಬರಿ ಸೊಪ್ಪು ತರಲು ಹೋಗಿ ಬೆನ್ನಿಗೆ ಏಟು ತಿಂದು ಬರುತ್ತಿದ್ದರು, ಕೂಲಿಗಳು ಹೆದ್ದಾರಿಯಲ್ಲಿ ನಡೆಯುತ್ತಿದ್ದರು. ಪರಿಸರ ಮಂತ್ರಾಲಯಕ್ಕೆ ಆ ಹೊತ್ತಿಗೆ ತುರ್ತಾಗಿ ಹೊಳೆದದ್ದೇನೆಂದರೆ, ರಸ್ತೆ ಮತ್ತು ಕೊಳವೆಗಳಂಥ ಯೋಜನೆಗಳಿಗೆ ಮಣ್ಣು ಅಗೆಯಲು ಪರಿಸರ ಅನುಮತಿ ಬೇಡ ಎಂಬುದು. ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುವ ಗೋಜಿಗೂ ಹೋಗಲಿಲ್ಲ, ಸಾರ್ವಜನಿಕ ಹಿತದ ದೃಷ್ಟಿಯಿಂದ ಸಾರ್ವಜನಿಕರನ್ನು ಕೇಳದೇ ಮಾಡಿದರು. ನಾಲ್ಕು ವರ್ಷ ಮಣ್ಣು ಹೋಗುತ್ತಲೇ ಇತ್ತು. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ರದ್ದು ಮಾಡಿತು. ಲಾಕ್‌ಡೌನಿನಲ್ಲಿ ಕಾಮಗಾರಿಗಳೇ ನಿಂತಿರುವಾಗ ಇಷ್ಟೊಂದು ಅವಸರ ಏನಿತ್ತು ಎಂದು ನ್ಯಾಯಾಲಯ ಕೇಳಿತು. ಮಣ್ಣು ಅಷ್ಟು ಹೊತ್ತಿಗೆ ರಸ್ತೆಯಾಗಿತ್ತು.

ಇನ್ನು ಅದೃಷ್ಟವಶಾತ್ ಕೊಳವೆಯ ದಾರಿಯಲ್ಲಿ ಅಭಯಾರಣ್ಯವೊಂದು ಸಿಕ್ಕಿತು, ಸಾರ್ವಜನಿಕ ಅಹವಾಲು ಸಭೆ ನಡೆಯಲೇಬೇಕಾಯಿತು ಎನ್ನಿ. ನಮ್ಮಲ್ಲಿ ಅದೊಂದು ಬೆಳೆದು ನಿಂತ ಕಲೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಮೂವತ್ತು ದಿನ ಮೊದಲು ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಟೆಂಡರುಗಳ ನಡುವೆ, ಕಳೆದುಹೋದ ಅಂಕಪಟ್ಟಿಯ ಮೇಲೆ, ಕಣ್ಣಿನ ಪೊರೆ ತೆಗೆಯುವ ಉಚಿತ ಶಿಬಿರದ ಕೆಳಗೆ ಅದು ಬರುತ್ತದೆ. ವರದಿ ಇಂಗ್ಲಿಷಿನಲ್ಲಿ ನೂರಾರು ಪುಟ. ಅದರ ಸಾರಾಂಶ ಕನ್ನಡದಲ್ಲೂ ಇರಬೇಕೆಂಬ ನಿಯಮವಿದೆ, ಇರುತ್ತದೆ. ಆ ಕನ್ನಡವನ್ನು ಒಮ್ಮೆ ನೀವು ಓದಬೇಕು. "ಪ್ರಸ್ತಾವಿತ ಚಟುವಟಿಕೆಯಿಂದ ಸುತ್ತುವರಿದ ಗಾಳಿಯ ಮೇಲೆ ಗಮನಾರ್ಹ ಪ್ರತಿಕೂಲ ಪ್ರಭಾವವು ನಿರೀಕ್ಷಿಸಲ್ಪಟ್ಟಿಲ್ಲ" ಎಂಬ ಧಾಟಿ. ಇದನ್ನು ಓದಿದವರು ಇಂಗ್ಲಿಷ್ ವರದಿಯೇ ವಾಸಿ ಎಂದು ಅತ್ತ ಹೋಗುತ್ತಾರೆ, ಅಲ್ಲಿಂದ ಮನೆಗೆ ಹೋಗುತ್ತಾರೆ.

ಸಭೆಯ ದಿನ ಶಾಮಿಯಾನ, ಉಪ್ಪಿಟ್ಟು, ಕೇಸರಿಬಾತು. ಒಂದು ಪೊಲೀಸ್ ವ್ಯಾನು, ನೆರಳಿನಲ್ಲಿ. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಯ ಮಟ್ಟಕ್ಕಿಂತ ಕೆಳಗಿಳಿಯದ ಅಧಿಕಾರಿ ಅಧ್ಯಕ್ಷರು. ಸಭೆ ಶುರುವಾಗಲು ಎಷ್ಟು ಜನ ಇರಬೇಕು? ಇಲ್ಲೊಂದು ರತ್ನದಂಥ ನಿಯಮವಿದೆ: ಕೋರಂ ಅಗತ್ಯವಿಲ್ಲ. ನಮ್ಮ ಊರಿನ ಹಾಲಿನ ಡೇರಿಯ ಸರ್ವಸದಸ್ಯರ ಸಭೆಗೆ ಕೋರಂ ಬೇಕು, ಗ್ರಾಮ ಪಂಚಾಯಿತಿಗೆ ಬೇಕು, ವಿಧಾನಸಭೆಗೂ ಬೇಕು. ಸಾರ್ವಜನಿಕರ ಅಹವಾಲು ಸಭೆಗೆ ಮಾತ್ರ ಸಾರ್ವಜನಿಕರು ಇರಲೇಬೇಕೆಂದಿಲ್ಲ. ಶಾಮಿಯಾನ ಸಾಕು.

ಬಂದರೂ ತೊಂದರೆಯಿಲ್ಲ. ಮೊದಲು ಬಿಳಿ ಅಂಗಿ ಬಿಳಿ ಪ್ಯಾಂಟಿನವರೊಬ್ಬರು ಎದ್ದು ಯೋಜನೆಯನ್ನು ತುಂಬು ಹೃದಯದಿಂದ ಸ್ವಾಗತಿಸುತ್ತಾರೆ. ಸ್ಥಳೀಯರಿಗೆ ಉದ್ಯೋಗ ಕೊಡಬೇಕು ಎನ್ನುತ್ತಾರೆ. ಮಣ್ಣಿನಡಿ ಹೂತುಹೋದ ಕೊಳವೆಯಲ್ಲಿ ಸ್ಥಳೀಯರಿಗೆ ಯಾವ ಉದ್ಯೋಗ ಎಂದು ಯಾರೂ ಕೇಳುವುದಿಲ್ಲ, ಕಂಪನಿಯ ಪ್ರತಿನಿಧಿ ಮಾತ್ರ ಗಂಭೀರವಾಗಿ ಬರೆದುಕೊಳ್ಳುತ್ತಾರೆ. ಆಮೇಲೆ ದೇವಸ್ಥಾನಕ್ಕೆ ಶೆಡ್ಡು, ಶಾಲೆಗೆ ಕಾಂಪೌಂಡು, ಆಂಬುಲೆನ್ಸು. ಅಷ್ಟರಲ್ಲಿ ಹುಡುಗಿಯೊಬ್ಬಳು ಕೈಯಲ್ಲಿ ಹಾಳೆಗಳ ಕಟ್ಟು ಹಿಡಿದು ನಿಲ್ಲುತ್ತಾಳೆ. "ವರದಿಯ ಇಂಥ ಪುಟದಲ್ಲಿ ಹಳ್ಳವೇ ಇಲ್ಲ ಅಂತ ಬರೆದಿದ್ದೀರಿ ಸಾರ್, ಆದರೆ ಹಳ್ಳ ಇದೆ, ನಾನು ಅದನ್ನು ದಾಟಿಯೇ ಬಂದೆ." ವೇದಿಕೆಯಲ್ಲಿ ಗಡಿಯಾರ ನೋಡುತ್ತಾರೆ. "ಎರಡೇ ನಿಮಿಷ ಅಮ್ಮ, ಇನ್ನೂ ಬಹಳ ಜನ ಇದ್ದಾರೆ." ಎಲ್ಲವೂ ವಿಡಿಯೊ ಆಗುತ್ತದೆ, ಅದೂ ಕಡ್ಡಾಯ. ಕೊನೆಗೆ ಒಂದು ಕೋಷ್ಟಕ ತಯಾರಾಗುತ್ತದೆ. ಎಡಗಡೆ ಜನ ಎತ್ತಿದ ವಿಷಯ, ಬಲಗಡೆ ಯೋಜನಾದಾರರ ಉತ್ತರ. ಎಡಗಡೆ: ಹಳ್ಳ ಇದೆ. ಬಲಗಡೆ: ಗಮನಿಸಲಾಗಿದೆ. ದಿಲ್ಲಿಯಲ್ಲಿ ತಜ್ಞರ ಸಮಿತಿ ಈ ಕೋಷ್ಟಕವನ್ನು ನೋಡಿ ಜನರ ಆತಂಕಗಳಿಗೆ ಸ್ಪಂದಿಸಲಾಗಿದೆ ಎಂದು ಷರಾ ಬರೆಯುತ್ತದೆ. ಜನ ಬೇಡ ಎಂದರೆ ಯೋಜನೆ ನಿಲ್ಲಬೇಕು ಎಂದು ಆ ಅಧಿಸೂಚನೆಯ ಯಾವ ಸಾಲಿನಲ್ಲೂ ಇಲ್ಲ. ಹೇಳುವುದು ನಮ್ಮ ಹಕ್ಕು. ಕೇಳಿಸಿಕೊಳ್ಳುವುದು ಯಾರ ಕರ್ತವ್ಯವೂ ಅಲ್ಲ.

ಆ ವರದಿ ಬರೆಯುವವರು ಯಾರು ಅಂತೀರಾ? ಮಾನ್ಯತೆ ಪಡೆದ ಸಲಹೆಗಾರರು. ಅವರಿಗೆ ಸಂಬಳ ಕೊಡುವವರು ಕೊಳವೆ ಹಾಕುವವರೇ. ಗಂಡಿನ ಕಡೆಯವರೇ ದುಡ್ಡು ಕೊಟ್ಟು ಗಂಡಿನ ಗುಣಾವಗುಣ ವಿಚಾರಿಸಿ ತರಲು ಒಬ್ಬರನ್ನು ಕಳಿಸಿದ ಹಾಗೆ. ಇವರ ಮೇಲೆ ಕೆಲಸದ ಹೊರೆಯೂ ಜಾಸ್ತಿ, ಪಾಪ. ರತ್ನಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯನ್ನು ರಷ್ಯಾದ ಗಣಿಯೊಂದರ ವರದಿಯಿಂದ ಎತ್ತಿದ್ದು ಬಯಲಾದಾಗ ಕೊಂಕಣದ ಜನರಿಗೆ ತಮ್ಮ ಗುಡ್ಡದಲ್ಲಿ ರಷ್ಯಾದ ಗಿಡಮರಗಳಿರುವುದು ಮೊದಲ ಸಲ ತಿಳಿಯಿತು. ನಾವೂ ಹಿಂದೆ ಬಿದ್ದಿಲ್ಲ. ದಾಂಡೇಲಿಯ ಬಳಿ ಕಾಳಿ ನದಿಗೆ ಅಣೆಕಟ್ಟು ಕಟ್ಟಲು ಹೊರಟಾಗ, ಜಗತ್ತಿಗೇ ಲೆಕ್ಕಪತ್ರದ ಶಿಸ್ತು ಹೇಳಿಕೊಡುವ ದೊಡ್ಡ ಸಂಸ್ಥೆಯೊಂದು ತಯಾರಿಸಿದ್ದ ವರದಿಯನ್ನು ಬೆಂಗಳೂರಿನ ಪರಿಸರ ಕಾರ್ಯಕರ್ತರು ಇನ್ನೊಂದು ವರದಿಯ ಪಕ್ಕ ಇಟ್ಟು ಓದಿ ನಕಲು ಹಿಡಿದರು. ಹತ್ತನೇ ಕ್ಲಾಸಿನ ಹುಡುಗ ಚೀಟಿ ಇಟ್ಟುಕೊಂಡರೆ ಡಿಬಾರ್.

ಇಷ್ಟಾದರೂ ಜನರ ಮಾತು ಕೇಳುವ ಉತ್ಸಾಹ ಮಂತ್ರಾಲಯಕ್ಕೆ ಒಮ್ಮೆ ಉಕ್ಕಿ ಬಂದದ್ದುಂಟು. 2020ರ ಮಾರ್ಚ್‌ನಲ್ಲಿ 2006ರ ಅಧಿಸೂಚನೆಯ ಜಾಗಕ್ಕೆ ಹೊಸದರ ಕರಡು ತಂದು, ಅಭಿಪ್ರಾಯ ಕಳಿಸಿ ಎಂದು ದೇಶವನ್ನೇ ಕೇಳಿತು. ಅಹವಾಲು ಸಭೆಗೆ ಮೂವತ್ತರ ಬದಲು ಇಪ್ಪತ್ತು ದಿನದ ನೋಟಿಸು ಸಾಕು ಎಂಬಂಥ ಸುಧಾರಣೆಗಳು ಅದರಲ್ಲಿದ್ದವು. ಮನೆಯಲ್ಲಿ ಕೂಡಿಹಾಕಿದ್ದ ಜನಕ್ಕೆ ಬೇರೆ ಕೆಲಸವೇನು? ಕಳಿಸಿದರು. ಲಕ್ಷಗಟ್ಟಲೆ ಕಳಿಸಿದರು. ಆಗ ನಡೆದದ್ದನ್ನು ನಾನು ಕಲ್ಪಿಸಿ ಬರೆದಿದ್ದರೆ ಅತಿಯಾಯಿತು ಎಂದು ಸಂಪಾದಕರು ಹೊಡೆದುಹಾಕುತ್ತಿದ್ದರು. ಸಚಿವರ ಅಂಚೆಪೆಟ್ಟಿಗೆಗೆ ಈ ಕರಡಿನ ಬಗ್ಗೆ ಮೇಲಿಂದ ಮೇಲೆ ಇ-ಮೇಲ್ ಬರುತ್ತಿದೆ ಎಂಬ ದೂರಿನ ಮೇಲೆ ದಿಲ್ಲಿ ಪೊಲೀಸರು ಯುವಜನರ ಪರಿಸರ ಗುಂಪೊಂದರ ಜಾಲತಾಣದ ಬಗ್ಗೆ ನೋಟಿಸು ಕಳಿಸಿದರು. ಅದರಲ್ಲಿ ಉಲ್ಲೇಖಿಸಿದ್ದು ಯುಎಪಿಎ, ಅಂದರೆ ಭಯೋತ್ಪಾದಕರಿಗೆ ಹಾಕುವ ಕಾಯಿದೆ. ಆಮೇಲೆ, ಅದು ಕಣ್ತಪ್ಪಿನಿಂದ ಆದದ್ದು ಎಂದು ಹಿಂದೆಗೆದುಕೊಂಡರು. ಕೋರಂ ಬೇಡ ಎಂಬ ನಿಯಮದ ಹಿಂದಿನ ದೂರದೃಷ್ಟಿ ನನಗೆ ಅರ್ಥವಾದದ್ದು ಆಗಲೇ. ಜನ ಬರದಿದ್ದರೆ ನಡೆಯುತ್ತದೆ. ಬಂದುಬಿಟ್ಟರೆ ಕಷ್ಟ.

ಕರಡು ಇದ್ದದ್ದು ಇಂಗ್ಲಿಷ್, ಹಿಂದಿಯಲ್ಲಿ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ, ಗಡುವನ್ನು ಆಗಸ್ಟ್ 11ಕ್ಕೆ ಮುಂದೂಡಿ ಎಂದು ದಿಲ್ಲಿ ಹೈಕೋರ್ಟ್ ಜೂನ್ 30ರಂದು ಹೇಳಿತು. ಚಂದ್ರನ ದಕ್ಷಿಣ ಧ್ರುವದ ಬಳಿ ಗಾಲಿ ಇಳಿಸುವ ದೇಶಕ್ಕೆ ಕರಡೊಂದನ್ನು ಕನ್ನಡಕ್ಕೆ ಇಳಿಸುವುದು ಆಗದ ಮಾತಾಯಿತು, ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಕರ್ನಾಟಕ ಹೈಕೋರ್ಟೂ ಅದೇ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆಯಿತು. ಆ ಕರಡು ಅಂತಿಮವಾಗಲೇ ಇಲ್ಲ. ಬದಲಿಗೆ, ಜನರನ್ನು ಕೇಳುವ ರಗಳೆಯೇ ಇಲ್ಲದ ಕಚೇರಿ ಜ್ಞಾಪನಗಳು ಒಂದೊಂದಾಗಿ ಬಂದವು.

"ಅಮೆರಿಕದಲ್ಲಿ ಹಿಂಗಿಲ್ಲ ಬಿಡಿ, ನಮ್ಮ ಹುಡುಗ ಹೇಳ್ತಾನೆ, ಅಲ್ಲಿ ಎಲ್ಲಾ ಸಿಸ್ಟಮ್" ಎನ್ನುವ ಅಪ್ಪಂದಿರು ಬೆಂಗಳೂರಿನ ಪ್ರತಿ ಪಾರ್ಕಿನಲ್ಲೂ ಸಿಗುತ್ತಾರೆ. ನಿಜ, ಅಲ್ಲಿ ಸಿಸ್ಟಮ್ ಇದೆ. ಅನಿಲ ಕೊಳವೆಗಳಿಗೆ ಒಪ್ಪಿಗೆ ಕೊಡಲೆಂದೇ ಫೆಡರಲ್ ಇಂಧನ ನಿಯಂತ್ರಣ ಆಯೋಗ ಇದೆ. ಒಂದು ಕಾಲಕ್ಕೆ ಅದರ ಸಭೆಗಳಲ್ಲಿ ಜನ ಮೈಕು ಹಿಡಿದು ಎಲ್ಲರೆದುರು ಮಾತಾಡುತ್ತಿದ್ದರು, ಕೂಗಾಟವೂ ಆಗುತ್ತಿತ್ತು. 2016ರ ಸುಮಾರಿಗೆ ಆಯೋಗ ಹಲವೆಡೆ ಹೊಸ ಪದ್ಧತಿ ತಂದಿತು. ಟೋಕನ್ ಹಿಡಿದು ಕಾಯಿರಿ, ಒಬ್ಬೊಬ್ಬರಾಗಿ ಕೋಣೆಗೆ ಹೋಗಿ, ಶೀಘ್ರಲಿಪಿಕಾರರ ಎದುರು ಕೂತು ನಿಮ್ಮ ಸಂಕಟ ಹೇಳಿ, ಹೊರಗೆ ಬನ್ನಿ. ಪಕ್ಕದವರು ಏನು ಹೇಳಿದರೆಂದು ಆ ಹೊತ್ತಿಗೆ ನಿಮಗೆ ಗೊತ್ತಿಲ್ಲ, ನೀವು ಹೇಳಿದ್ದು ಅವರಿಗೆ ಗೊತ್ತಿಲ್ಲ. ಚಪ್ಪಾಳೆ ಇಲ್ಲ, ಧಿಕ್ಕಾರ ಇಲ್ಲ, ಉಪ್ಪಿಟ್ಟೂ ಇಲ್ಲ. ಇಪ್ಪತ್ತು ವರ್ಷಗಳಲ್ಲಿ ಈ ಆಯೋಗ 1,021 ಕೊಳವೆ ಯೋಜನೆಗಳಿಗೆ ಹೂಂ ಅಂದಿತು, ಆರಕ್ಕೆ ಊಹೂಂ ಅಂದಿತು ಎಂದು ಅಲ್ಲಿನ ಸಂಸತ್ತಿನ ಉಪಸಮಿತಿಯೇ 2020ರಲ್ಲಿ ಲೆಕ್ಕ ಕೊಟ್ಟಿತು. ಆರು ಯಾಕೆ ತಪ್ಪಿಹೋದವೋ.

ಅವರ ಇನ್ನೊಂದು ಕುಶಲಕಲೆಗೆ ನಮ್ಮವರು ಅಧ್ಯಯನ ಪ್ರವಾಸ ಹೋಗಬೇಕು. ಆಯೋಗದ ಆದೇಶ ಒಪ್ಪಿಗೆಯಾಗದಿದ್ದರೆ ಜಮೀನಿನವನು ಮೊದಲು ಆಯೋಗಕ್ಕೇ ಮರುಪರಿಶೀಲನೆ ಅರ್ಜಿ ಹಾಕಬೇಕು, ಅದು ಇತ್ಯರ್ಥವಾಗದೆ ಕೋರ್ಟಿಗೆ ಹೋಗುವಂತಿಲ್ಲ. ಆಯೋಗ 30 ದಿನದಲ್ಲಿ ಉತ್ತರಿಸಬೇಕು. ಅದು ಉತ್ತರಿಸುತ್ತಿತ್ತು: ನಿಮ್ಮ ಅರ್ಜಿಯನ್ನು ಇನ್ನಷ್ಟು ಯೋಚಿಸುವ ಸಲುವಾಗಿ ಮಾತ್ರ ಪುರಸ್ಕರಿಸಿದ್ದೇವೆ. ಯೋಚನೆ ತಿಂಗಳುಗಟ್ಟಲೆ ನಡೆಯುತ್ತಿತ್ತು, ಅತ್ತ ಬುಲ್ಡೋಜರ್ ಯೋಚಿಸದೆ ನಡೆಯುತ್ತಿತ್ತು. ಕೋರ್ಟಿನ ಬಾಗಿಲು ತೆರೆಯುವಷ್ಟರಲ್ಲಿ ಕೊಳವೆಯ ಮೇಲೆ ಹುಲ್ಲು ಬೆಳೆದಿರುತ್ತಿತ್ತು. ನ್ಯಾಯಾಧೀಶೆ ಪೆಟ್ರಿಷಿಯಾ ಮಿಲೆಟ್ 2019ರಲ್ಲಿ ಈ ವ್ಯವಸ್ಥೆಗೆ ಕಾಫ್ಕಾನ ಹೆಸರನ್ನೇ ಕೊಟ್ಟರು. ಕೊನೆಗೆ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ಇದು ನಡೆಯದು ಎಂದಿತು. ಆ ದಿನವೂ 2020ರ ಜೂನ್ 30. ಅಂದರೆ ಜನರ ಮಾತು ಕೇಳಿಸಿಕೊಳ್ಳಿ ಎಂದು ದಿಲ್ಲಿಯಲ್ಲೂ ವಾಷಿಂಗ್ಟನ್ನಿನಲ್ಲೂ ಒಂದೇ ದಿನ ಕೋರ್ಟುಗಳು ಸರ್ಕಾರಗಳ ಕಿವಿ ಹಿಂಡಿದವು. ಕಿವಿ ಮಾತ್ರ ಎರಡು ಕಡೆಯೂ ಗಟ್ಟಿ.

ಎಷ್ಟು ಗಟ್ಟಿ ಎಂದರೆ, ವೆಸ್ಟ್ ವರ್ಜೀನಿಯಾದಿಂದ ವರ್ಜೀನಿಯಾಕ್ಕೆ 303 ಮೈಲು ಬೆಟ್ಟಗುಡ್ಡ ಹತ್ತಿ ಇಳಿಯುವ ಮೌಂಟನ್ ವ್ಯಾಲಿ ಕೊಳವೆಯ ಕಥೆ ಕೇಳಿ. ಊರವರು ಕೋರ್ಟಿಗೆ ಹೋದರು, ಗೆದ್ದರು. ಮತ್ತೆ ಹೋದರು, ಮತ್ತೆ ಗೆದ್ದರು. ಒಂದೊಂದಾಗಿ ಹಲವು ಪರವಾನಗಿಗಳು ಬಿದ್ದುಹೋದವು. 2023ರ ಜೂನ್‌ನಲ್ಲಿ ದೇಶದ ಸಾಲದ ಮಿತಿ ಏರಿಸುವ ಮಸೂದೆ ಬಂತು, ಅದು ಪಾಸಾಗದಿದ್ದರೆ ಅಮೆರಿಕವೇ ದಿವಾಳಿ ಎಂಬ ಗಡಿಬಿಡಿ. ಆ ಮಸೂದೆಯ ಹೊಟ್ಟೆಯೊಳಗೆ ಈ ಕೊಳವೆಯನ್ನು ತುರುಕಿದರು: ಉಳಿದ ಎಲ್ಲ ಪರವಾನಗಿಗಳಿಗೂ ಸಂಸತ್ತೇ ಮುದ್ರೆ ಒತ್ತಿದೆ, ಇದನ್ನು ಪ್ರಶ್ನಿಸುವ ಅಧಿಕಾರ ಕೋರ್ಟುಗಳಿಗಿಲ್ಲ. ಮರುವರ್ಷ ಜೂನ್‌ನಲ್ಲಿ ಅನಿಲ ಹರಿಯಿತು. ನಮ್ಮಲ್ಲಿ ಬಜೆಟ್ ಅಧಿವೇಶನದ ಕೊನೆಯ ದಿನ ಗದ್ದಲದ ನಡುವೆ ಹತ್ತು ಮಸೂದೆ ಪಾಸು ಮಾಡಿಸುವವರು ಇದನ್ನು ಓದಿ ಸ್ವಲ್ಪ ಸಮಾಧಾನಪಟ್ಟಾರು.

ಪೆನ್ಸಿಲ್ವೇನಿಯಾದ ಒಂದು ಕುಟುಂಬದ ಮೇಪಲ್ ತೋಪಿನದು ಇದಕ್ಕಿಂತ ಚಿಕ್ಕ ಕಥೆ. ಮೇಪಲ್ ಮರದ ರಸ ಇಳಿಸಿ ಕಾಯಿಸಿ ಪಾಕ ಮಾಡಿ ಮಾರುವ ಮನೆ ಅದು. ನ್ಯೂಯಾರ್ಕ್ ಕಡೆ ಹೋಗುವ ಕಾನ್‌ಸ್ಟಿಟ್ಯೂಷನ್ ಎಂಬ ಕೊಳವೆಗಾಗಿ (ಹೆಸರು ನೋಡಿ, ಸಂವಿಧಾನ!) 2016ರ ಮಾರ್ಚ್‌ನಲ್ಲಿ ಬಂದೂಕು ಹಿಡಿದ ಮಾರ್ಷಲ್‌ಗಳ ಕಾವಲಿನಲ್ಲಿ ನೂರಾರು ಮರ ಕಡಿದರು. ಮರುತಿಂಗಳೇ ನ್ಯೂಯಾರ್ಕ್ ರಾಜ್ಯ ನೀರಿನ ಪರವಾನಗಿ ನಿರಾಕರಿಸಿತು. 2020ರಲ್ಲಿ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. ಮರ ಹೋಯಿತು, ಕೊಳವೆ ಬರಲಿಲ್ಲ. ನಮ್ಮ ಗೌಡರು ಇದನ್ನು ಕೇಳಿದ್ದರೆ ಅಷ್ಟು ದೂರದಲ್ಲೂ ನೆಂಟರಿದ್ದಾರೆ ಎಂದು ಒಂದು ಕಾಗದ ಬರೆಯುತ್ತಿದ್ದರು.

ಗ್ಯಾಸು ಬೇಡ, ಕೊಳವೆ ಬೇಡ, ನಾವೆಲ್ಲ ಊದುಕೊಳವೆ ಹಿಡಿದು ಒಲೆಯ ಮುಂದೆ ಕೂರೋಣ ಎನ್ನುವವನು ನಾನಲ್ಲ. ಕಲ್ಲಿದ್ದಲಿನ ಹೊಗೆಗಿಂತ ಇದು ವಾಸಿ, ರಸ್ತೆ ತುಂಬ ಟ್ಯಾಂಕರ್ ಓಡುವುದಕ್ಕಿಂತ ಮಣ್ಣಿನಡಿಯ ಕೊಳವೆ ಕ್ಷೇಮ, ಇವೆಲ್ಲ ಸರಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಲ್ಲಿಯಲ್ಲಿ ನೀರು ಬರದಿದ್ದರೂ ಒಲೆಯಲ್ಲಿ ಗ್ಯಾಸು ಬರುತ್ತಿದೆ, ಅದು ಸಣ್ಣ ಸಾಧನೆಯಲ್ಲ. ನನ್ನ ತಕರಾರು ನಾಟಕದ ಬಗ್ಗೆ. ಕೇಳದೇ ಹಾಕುತ್ತೇವೆ ಎಂದು ನೇರವಾಗಿ ಹೇಳಿದರೆ ರೈತನಿಗೆ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಉಳಿಯುತ್ತದೆ.

ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಊರಿನ ಹೆಸರು ಹೇಳುತ್ತೇನೆ, ಇಲ್ಲಿ ನಗುವುದಕ್ಕೇನೂ ಇಲ್ಲ. ಆಂಧ್ರದ ಗೋದಾವರಿ ಸೀಮೆಯ ನಗರಂ. 2014ರ ಜೂನ್ 27ರ ಮುಂಜಾನೆ ಅಲ್ಲಿ ಗೇಲ್ ಸಂಸ್ಥೆಯ ಅನಿಲ ಕೊಳವೆ ಸಿಡಿಯಿತು. ಚಹಾದ ಒಲೆ ಹಚ್ಚುವ ಹೊತ್ತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ತೆಂಗಿನ ತೋಟಗಳು ನಿಂತಲ್ಲೇ ಕರಕಲಾದವು. ಒಣ ಅನಿಲಕ್ಕೆಂದು ಹಾಕಿದ್ದ ಕೊಳವೆಯಲ್ಲಿ ತೇವವಿದ್ದ ಅನಿಲ ಹರಿಸಿ ಒಳಗೆಲ್ಲ ತುಕ್ಕು ಹಿಡಿದಿತ್ತೆಂದು ತನಿಖೆಯಲ್ಲಿ ಹೊರಬಿತ್ತು. ಗ್ಯಾಸು ಸೋರುತ್ತಿದೆ, ವಾಸನೆ ಬರುತ್ತಿದೆ ಎಂದು ತಾವು ಮೊದಲೇ ಹೇಳಿದ್ದೆವು ಎಂದು ಊರವರು ಆಗ ಪತ್ರಕರ್ತರಿಗೆ ಹೇಳಿದರು.

ಆದ್ದರಿಂದ ನಿಮ್ಮ ಹೊಲದಲ್ಲಿ ಒಂದು ಬೆಳಗ್ಗೆ ಬಣ್ಣ ಬಳಿದ ಗೂಟ ಕಂಡರೆ ಕಿತ್ತೆಸೆಯಬೇಡಿ, ಅದಕ್ಕೆ ಬೇರೆ ಕೇಸು ಬೀಳುತ್ತದೆ. ತಾಲ್ಲೂಕು ಕಚೇರಿಗೆ ಹೋಗಿ ಗೆಜೆಟ್ ಪ್ರತಿ ಕೇಳಿ. ಹೆಕ್ಟೇರನ್ನು ಗುಂಟೆಗೆ ಇಳಿಸಿ ನೋಡಿ. ಹಳ್ಳ ಎಲ್ಲಿದೆ, ಬಾವಿ ಎಲ್ಲಿದೆ, ಮನೆ ಎಷ್ಟು ದೂರ, ಮರ ಎಷ್ಟು, ಎಲ್ಲವನ್ನೂ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಅನುವಾದದ ಕಷ್ಟ ಈ ಸಲ ಅವರಿಗಿರಲಿ. 21 ದಿನದೊಳಗೆ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿ, ತಾರೀಖಿನ ಸಮೇತ ಸಹಿ ಪಡೆಯಿರಿ. ಅಕ್ಕಪಕ್ಕದ ಹತ್ತು ಜನರಿಂದಲೂ ಬರೆಸಿ. ನಿಮ್ಮ ಅರ್ಜಿ ಬಹುಪಾಲು ತಿರಸ್ಕೃತವಾಗುತ್ತದೆ. ಆದರೂ ಬರೆಯಿರಿ. "ಈ ಗ್ರಾಮದಿಂದ ಯಾವ ತಕರಾರೂ ಬಂದಿರುವುದಿಲ್ಲ" ಎಂದು ಕಡತದಲ್ಲಿ ಬರೆಯುವ ಸುಖವನ್ನು ಮಾತ್ರ ಅವರಿಗೆ ಕೊಡಬೇಡಿ.